ಮನೆ, ಆಸೆ, ನಾಳೆ

ಸರಸಮ್ಮ ರಾಗಿ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ದಿನವೂ ಮಾಡುವ ಕೆಲಸವಾದ್ದರಿಂದ ಕೈ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ಮೇಲುಳಿದ ತೌಡನ್ನು ಪಕ್ಕಕ್ಕೆ ಕೊಡವಿ, ಇನ್ನೊಂದು ಬೊಗಸೆ ಹಿಟ್ಟು ಸುರಿದುಕೊಂಡಳು. ಹಿಟ್ಟು ಮೊರದೊಳಕ್ಕೆ ಸದ್ದಿಲ್ಲದೆ ಇಳಿಯಿತು.

"ಸಾಕು ಬುಡು ಸರಸಕ್ಕ," ಎಂದಳು ಪಕ್ಕದಲ್ಲಿ ಕೂತಿದ್ದ ಅಮೀರ್ ಬಿ. "ಅಷ್ಟು ನುಣ್ಣಗೆ ಯಾಕೆ? ಮುದ್ದೆ ಮಾಡೋಕಲ್ಲವಲ್ಲ."

"ಒರಟಾಗಿದ್ರೆ ಗುರುತು ನಿಲ್ಲಲ್ಲ ಅಂತಾರೆ ಕಣಮ್ಮ."

ಅಮೀರ್ ಬಿ ಆ ಬೀದಿಯ ಬಳೆಗಾರ್ತಿ, ಗೋಡೆಗೆ ಗೋಡೆ ಸೇರಿದ ಮನೆಯವಳು. ಸರಸಮ್ಮನ ಕೈಯಲ್ಲಿದ್ದ ಹಸಿರು ಬಳೆಗಳು ಅವಳೇ ಯುಗಾದಿಗೆಂದು ತೊಡಿಸಿದ್ದು. ಜರಡಿ ಆಡಿದಾಗಲೆಲ್ಲ ಆ ಬಳೆಗಳು ಸದ್ದು ಮಾಡುತ್ತಿದ್ದವು. ಅಮೀರ್ ಬಿ ಆ ಕಡೆ ನೋಡದೆ ಬೀದಿ ನೋಡುತ್ತಾ ಕೂತಳು.

ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಜೀವ ಹೋದ ಜಾಗದಲ್ಲಿ ರಾಗಿ ಹಿಟ್ಟನ್ನು ತೆಳ್ಳಗೆ ಹರಡಿ, ಮೇಲೆ ಮಂಕರಿ ಬುಟ್ಟಿ ಬೋರಲು ಹಾಕಿ, ಪಕ್ಕದಲ್ಲಿ ದೀಪ ಹಚ್ಚಿಡಬೇಕು. ಮಣ್ಣು ಮಾಡಿ ಬಂದವರು ದೀಪ ನೋಡಿ, ಮಂಕರಿ ಎತ್ತುತ್ತಾರೆ. ಹೋದವರಿಗೆ ಹೇಳುವುದೇನಾದರೂ ಉಳಿದಿದ್ದರೆ ಹಿಟ್ಟಿನ ಮೇಲೆ ಗುರುತು ಬಿದ್ದಿರುತ್ತದೆ. ಹಕ್ಕಿಯ ಹೆಜ್ಜೆ, ಬೆಕ್ಕಿನ ಹೆಜ್ಜೆ, ಕರುವಿನ ಗೊರಸು, ಯಾವುದು ಕಂಡರೂ ಅದಕ್ಕೊಂದು ಅರ್ಥ ಹೇಳುವ ಹಿರಿಯರು ಇರುತ್ತಿದ್ದರು. ಏನೂ ಕಾಣದಿದ್ದ ಮನೆಯಲ್ಲಿ ಮಾತ್ರ ಯಾರೂ ಏನೂ ಹೇಳದೆ ಎದ್ದು ಹೋಗುತ್ತಿದ್ದರು.

ಕದಿರಯ್ಯನ ಜೀವ ಹೋದದ್ದು ನಿನ್ನೆ ಸಂಜೆ, ನಡುಮನೆಯ ಗೂಡಿನ ಕೆಳಗೆ.

ನಿನ್ನೆ ಸಂಬಳದ ದಿನ. ಅವನು ಮಧುಗಿರಿ ರಸ್ತೆಯ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಜಲ್ಲಿ ಹರಡುವುದು, ಗುಂಡಿ ಮುಚ್ಚುವುದು, ಮಳೆಗಾಲದಲ್ಲಿ ಚರಂಡಿ ಬಿಡಿಸುವುದು ಅವನ ಕೆಲಸ. ಪೇಟೆಗೆ ಹೋಗಿ ಸಂಬಳ ತಂದು, ಕೈಕಾಲು ತೊಳೆದು, ಚಾಪೆಯ ಮೇಲೆ ಸಂಬಳ ಹಂಚಿಡುವ ಮೂರು ಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂತಿದ್ದ. ಒಲೆಯ ಮುಂದಿದ್ದ ಸರಸಮ್ಮನಿಗೆ ಒಂದೊಂದರ ಸದ್ದೂ ಕೇಳಿಸುತ್ತಿತ್ತು. ಮಣ್ಣಿನ ಕುಡಿಕೆ 'ಟೊಪ್' ಎನ್ನುತ್ತದೆ. ತಗಡಿನ ಡಬ್ಬಿ 'ಲಟ್' ಎನ್ನುತ್ತದೆ. ಹಿತ್ತಾಳೆ ಚೊಂಬು 'ಗಣ್' ಎಂದು ಎಳೆಯುತ್ತದೆ. ಸದ್ದು ನಿಂತಿತು. ಎದ್ದು ಬರಬೇಕಾದವನು ಬರಲಿಲ್ಲ. ಮುದ್ದೆ ಆರುತ್ತದೆ ಎಂದು ಕೂಗಿ, ಉತ್ತರ ಬಾರದೆ ಹೋಗಿ ನೋಡಿದಳು. ಅವನು ಪಕ್ಕದ ಗೋಡೆಗೆ ಹೆಗಲು ಒರಗಿಸಿ ಕೂತಿದ್ದ. ಕಣ್ಣುಗಳು ತೆರೆದೇ ಇದ್ದವು. ಬಲಗೈ ಮುಷ್ಟಿ ಕಟ್ಟಿಕೊಂಡು, ಮಂಡಿಯ ಮೇಲಿಂದ ಪಾತ್ರೆಗಳ ಕಡೆಗೆ ಚಾಚಿತ್ತು. ಯಾವುದಕ್ಕೆ ಹಾಕಲಿ ಎಂದು ಇನ್ನೂ ಯೋಚನೆ ಮಾಡುತ್ತಿರುವವನ ಹಾಗೆ.

ಬೆಳಿಗ್ಗೆಯಾದರೂ ಆ ಮುಷ್ಟಿ ಬಿಟ್ಟಿರಲಿಲ್ಲ.

ಅಂಗಳದಲ್ಲಿ ನೀರು ಹುಯ್ಯುವಾಗ ಅವನ ಅಣ್ಣ ದೊಡ್ಡರಂಗಪ್ಪ ಅದನ್ನು ಮತ್ತೆ ಕಂಡ. ಬಡವನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವನು, ಎಲ್ಲವನ್ನೂ ಅವನೇ ನಡೆಸುತ್ತಿದ್ದ.

"ಏನೋ ಹಿಡ್ಕೊಂಡವ್ನೆ ಕಣ್ಲಾ ಇವ್ನು."

"ಕಾಸಿರ್ಬೇಕು ಕಣಣ್ಣ," ಎಂದ ಚಿಕ್ಕನರಸಯ್ಯ. ಅವನೂ ಅದೇ ಗ್ಯಾಂಗಿನವನು, ಕದಿರಯ್ಯನ ಜೊತೆ ಬುತ್ತಿ ಹಂಚಿಕೊಂಡು ಉಂಡವನು. "ಬೇರೆ ಹೆಣದ ಹಣೆಗೆ ನಾವು ಕಾಸಿಡ್ತೀವಿ. ನಮ್ಮ ಕದಿರಣ್ಣ ಯಾರ ಹಂಗೂ ಬ್ಯಾಡ ಅಂತ ತಂದು ತಾನೇ ತಗಂಡವ್ನೆ."

"ಬುಡ್ಸು ಅದನ್ನ. ಮುಷ್ಟಿ ಕಟ್ಕೊಂಡು ಮಣ್ಣಿಗೆ ಹೋಗ್ಬಾರ್ದು."

ಚಿಕ್ಕನರಸಯ್ಯ ಹರಳೆಣ್ಣೆ ಹಚ್ಚಿ, ಬೆಚ್ಚಗಿನ ನೀರು ಹುಯ್ದು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಕಿರುಬೆರಳು ಸಡಿಲವಾಯಿತು. ಉಂಗುರದ ಬೆರಳೂ ಬಂತು. ಅವನು ನಡುಬೆರಳಿಗೆ ಕೈ ಹಾಕುತ್ತಿದ್ದಂತೆ, ಬಿಟ್ಟಿದ್ದ ಎರಡು ಬೆರಳುಗಳು ಯಾವ ಅವಸರವೂ ಇಲ್ಲದೆ ಮೆಲ್ಲಗೆ ಮಡಚಿಕೊಂಡವು.

ಚಿಕ್ಕನರಸಯ್ಯ ಕೈ ಬಿಟ್ಟು ಹಿಂದೆ ಸರಿದ. ಹಂಡೆಯ ನೀರಿನಿಂದ ಆವಿ ಏಳುತ್ತಿತ್ತು.

"ನರ ಎಳ್ಕಂಡಿರ್ತದೆ," ಎಂದ ದೊಡ್ಡರಂಗಪ್ಪ.

"ಹೂಂ. ನರವೇ."

"ಹಂಗೇ ಇರ್ಲಿ ಬುಡು. ನೀರು ಹುಯ್ಯಿ."

ದೊಡ್ಡರಂಗಪ್ಪ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ. ಹಿಂದೆಯೇ ಚಿಕ್ಕನರಸಯ್ಯನೂ ಬಂದ. ಅವನಿಗೆ ಅಂಗಳದಲ್ಲಿ ನಿಲ್ಲಲು ಮನಸ್ಸಿರಲಿಲ್ಲ. ಮೂರು ಪಾತ್ರೆಗಳನ್ನು ಸರಸಮ್ಮ ಗೂಡಿಗೆ ಎತ್ತಿಡದೆ, ಗೋಡೆಯ ಬುಡದಲ್ಲಿ ಇದ್ದ ಹಾಗೇ ಬಿಟ್ಟಿದ್ದಳು.

"ಸರಸಮ್ಮ, ಬಟ್ಟೆ ತರ್ಬೇಕು, ಬಿದಿರು ತರ್ಬೇಕು. ದಾಸಯ್ಯಂಗೆ ಕೊಡ್ಬೇಕು, ಗುಂಡಿ ತೋಡೋರಿಗೆ ಕೊಡ್ಬೇಕು. ಯಾವುದ್ರಾಗೆ ತೆಗೀಲಮ್ಮ?"

"ಆಸೆ ಡಬ್ಬೀಲಂತೂ ಬ್ಯಾಡ," ಎಂದ ಚಿಕ್ಕನರಸಯ್ಯ. "ಸಾಯ್ಬೇಕು ಅಂತ ಅವನಿಗೇನು ಆಸೆ ಇತ್ತಾ?"

ಮೂಲೆಯಲ್ಲಿ ಕೂತಿದ್ದ ಹೆಂಗಸರಲ್ಲಿ ಯಾರೋ ನಕ್ಕು, ಸೆರಗು ಬಾಯಿಗೆ ಅಡ್ಡ ಹಿಡಿದರು.

"ನಾಳೆ ಚೊಂಬಲ್ಲಿ ತೆಗೀರಿ ಭಾವ," ಎಂದಳು ಸರಸಮ್ಮ. "ಮಣ್ಣಿನ ಖರ್ಚು ಅದ್ರಾಗೇ ಅಂತ ಅವ್ರೇ ಹೇಳಿದ್ರು."

ದೊಡ್ಡರಂಗಪ್ಪ ಬಗ್ಗಿ ಹಿತ್ತಾಳೆ ಚೊಂಬನ್ನು ಎತ್ತಿದ. ಅದರ ಹಿಂದೆ, ಗೋಡೆಗೆ ಒರಗಿಸಿಟ್ಟ ಒಂದು ಲಕೋಟೆ ಇತ್ತು. ಗೂಡಿನಿಂದ ಚೊಂಬು ಇಳಿದಾಗ ಅದೂ ಇಳಿಯುತ್ತಿತ್ತು, ಏರಿದಾಗ ಅದೂ ಏರುತ್ತಿತ್ತು. ಅಂಚುಗಳು ಕಂದಿದ್ದವು.

"ಇದಿನ್ನೂ ಇಲ್ಲೇ ಐತಾ?"

"ಸ್ಟಾಂಪು ಅಂಟಿಸ್ಬೇಕಿತ್ತು."

ಅಂಟು ಹಾಕಿರಲಿಲ್ಲ. ಅವನು ಹಾಳೆ ತೆಗೆದು, ಬೆಳಕಿಗೆ ಹಿಡಿದು ಓದಿದ. ದೊಡ್ಡವಳಾದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಸರಸಮ್ಮನ ಬರಹ. ಒಂದೊಂದು ಅಕ್ಷರವೂ ಗುಂಡಗೆ, ದೂರ ದೂರ ಕೂತಿತ್ತು.

"'ಚಿರಂಜೀವಿ ಓಬಳಮ್ಮನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದ. ನಾವು ಕ್ಷೇಮ. ಸಂಬಳದ ದಿನ ನೀನು ಕೂರುತ್ತಿದ್ದ ಜಾಗದಲ್ಲಿ ನಿಮ್ಮಪ್ಪ ಯಾರನ್ನೂ ಕೂರಲು ಬಿಡುವುದಿಲ್ಲ. ಮಗುವನ್ನು ಕರೆದುಕೊಂಡು ಮನೆಗೆ ಬಾ. ಅಪ್ಪ ಕಾಯುತ್ತಾ ಇದ್ದಾರೆ.'"

ಓದಿ ಮುಗಿಸಿ ಅವನು ತಮ್ಮನನ್ನು ಹುಡುಕುವವನಂತೆ ಅಂಗಳದ ಕಡೆ ತಿರುಗಿದ.

"ಅವಳಿಗೆ ಹೇಳಿ ಕಳಿಸ್ತೀರಾ ಭಾವ?" ಎಂದಳು ಸರಸಮ್ಮ.

"ಹೆಂಗಮ್ಮಾ ಆಗ್ತದೆ? ಪಾವಗಡದಿಂದಾಚೆ. ಬಸ್ಸಿಳಿದು ನಡೀಬೇಕು. ಅವಳು ಬರೋದು ನಾಳೆ ಸಂಜೆ. ಈ ಬಿಸಿಲಲ್ಲಿ ಇಟ್ಕೊಂಡು ಕೂರೋಕಾಗ್ತದಾ? ನಾಳೆ ನಾನೇ ಕಾರ್ಡು ಹಾಕ್ತೀನಿ. ತಿಥಿಗೆ ಬರೋದಾದ್ರೆ ಬರ್ಲಿ."

"ಬರಲ್ಲ ಅಂತೀರಾ?"

"ಬದುಕಿದ್ದ ಅಪ್ಪನ್ನ ನೋಡೋಕೆ ಬರ್ಲಿಲ್ಲ."

"ಕರೆದಿದ್ರೆ ಬರ್ತಿದ್ಳು," ಎಂದಳು ಸರಸಮ್ಮ. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಚಿ, ಲಕೋಟೆಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸತ್ತ ಸುದ್ದಿಗೆ ಬಂದ್ರೆ ಸಾವಿಗೆ ಬಂದಂಗಾಗ್ತದೆ. ಮನೆಗೆ ಬಂದಂಗಾಗಲ್ಲ."

*

ದಿನಗೂಲಿಯವನಾಗಿದ್ದಾಗ ಕದಿರಯ್ಯನಿಗೆ ಹಂಚುವ ಕಷ್ಟವಿರಲಿಲ್ಲ. ಸಂಜೆ ಬಂದದ್ದು ರಾತ್ರಿಯ ಮುದ್ದೆಯಾಗಿ ಮುಗಿಯುತ್ತಿತ್ತು. ಗ್ಯಾಂಗಿನಲ್ಲಿ ಖಾಯಂ ಆಗಿ ಮೊದಲ ತಿಂಗಳ ಸಂಬಳ ಬಂದ ದಿನ, ಅಷ್ಟು ದುಡ್ಡನ್ನು ಒಟ್ಟಿಗೆ ಕಂಡು ಅವನಿಗೆ ಭಯವಾಯಿತು. ಟವೆಲಿನ ಮೇಲೆ ಸುರಿದು, ಅದರ ಮುಂದೆ ದೀಪ ಹಚ್ಚುವ ಹೊತ್ತಿನವರೆಗೂ ಸುಮ್ಮನೆ ಕೂತ.

"ಏನ್ ನೋಡ್ತೀರಿ?" ಎಂದಿದ್ದಳು ಸರಸಮ್ಮ.

"ಇದು ಒಂದು ತಿಂಗಳು ಕಣೇ. ಇಡೀ ತಿಂಗಳು ಇಲ್ಲೇ ಬಿದ್ದೈತೆ. ಮುಟ್ಟಿದ್ರೆ ಎಲ್ಲಿ ತೂತು ಬೀಳ್ತದೋ."

ಮಾರನೆಯ ದಿನ ಮಣ್ಣಿನ ಕುಡಿಕೆ ತಂದ. ಅದು ಮನೆಗೆ: ರಾಗಿ, ಉಪ್ಪು, ಸೀಮೆಎಣ್ಣೆ, ಉಡುವ ಬಟ್ಟೆ. ಬಂದದ್ದರಲ್ಲಿ ಅರ್ಧ ಅದಕ್ಕೆ. ತಗಡಿನ ಡಬ್ಬಿ ಆಸೆಗೆ: ಎಲೆ ಅಡಿಕೆ, ಸಂತೆಯ ಬೆಂಡು ಬತ್ತಾಸು, ಬಂದವರಿಗೆ ಕಾಫಿ, ಮಗಳಿಗೆ ಬಳೆ ರಿಬ್ಬನ್ನು. ಹಿತ್ತಾಳೆ ಚೊಂಬು ನಾಳೆಗೆ. ಆಸೆಗೆ ಹಾಕುವುದು ನಾಳೆಗೆ ಹಾಕುವುದಕ್ಕಿಂತ ಒಂದು ಹಿಡಿ ಜಾಸ್ತಿಯೇ ಇರುತ್ತಿತ್ತು. ಅದಕ್ಕೆ ಗ್ಯಾಂಗಿನವರು ಆಡಿಕೊಂಡರು.

"ಆಸೆ ಇಲ್ದಿರೋ ಮನೇಲಿ ನಾಳೆ ಯಾರಿಗ್ಲಾ ಬೇಕು?" ಎನ್ನುತ್ತಿದ್ದ ಅವನು.

ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುವಂತಿರಲಿಲ್ಲ. ಒಮ್ಮೆ ತಿಂಗಳ ಕೊನೆಗೆ ಕುಡಿಕೆ ಬರಿದಾಗಿ ರಾಗಿ ಇಲ್ಲದೆ, ಆಸೆ ಡಬ್ಬಿಯ ದುಡ್ಡಿನಲ್ಲಿ ತಂದ ಬೂಂದಿಯನ್ನೇ ಎರಡು ಹೊತ್ತು ತಿಂದರು. ಗೋಡೆಯಾಚೆಯಿಂದ ಅಮೀರ್ ಬಿ ಕೂಗಿ ಕೇಳಿದ್ದಳು: "ಅರೆ, ಕದಿರಣ್ಣ! ಹೊಟ್ಟೆಗಿಲ್ದಿದ್ರೂ ಮದುವೆ ಊಟಾನಾ?" ಆಗ ಕೈಗೆ ಸಕ್ಕರೆ ಪಾಕ ಮೆತ್ತಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕವಳು ಓಬಳಮ್ಮ. ಸಂಬಳದ ದಿನ ಅವಳ ಜಾಗ ಅಪ್ಪನ ಎದುರು, ಚಾಪೆಯ ತುದಿಯಲ್ಲಿ. ಕಣ್ಣು ಮುಚ್ಚಿಕೊಂಡು ಕೂತು, ಬಿದ್ದ ಸದ್ದು ಕೇಳಿ ಯಾವುದೆಂದು ಹೇಳುತ್ತಿದ್ದಳು. "ಮನೆ. ಮನೆ. ಆಸೆ. ನಾಳೆ." ಅವಳಿಗೆ ಒಂದು ಸಲವೂ ತಪ್ಪಿದ್ದಿಲ್ಲ.

*

ದಾಸಯ್ಯ ಶಂಖ ಊದಿದ. ಜಾಗಟೆಯ ಸದ್ದಿಗೆ ಬೀದಿಯ ನಾಯಿಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತವು. "ಗೋವಿಂದಾ, ಗೋವಿಂದ" ಎಂದು ನಾಲ್ಕು ಜನ ಹೆಗಲು ಕೊಟ್ಟರು. ಚಟ್ಟದ ಪಕ್ಕದಿಂದ ಬಲಗೈ ಹೊರಗೆ ಜಾರಿತು. ದೊಡ್ಡರಂಗಪ್ಪ ಅದನ್ನು ಒಳಗೆ ಸೇರಿಸಿ ಬಟ್ಟೆ ಹೊದಿಸಿದ. ಬೀದಿಯ ತಿರುವಿನಲ್ಲಿ ಅದು ಮತ್ತೆ ಜಾರಿತು. ಮುಷ್ಟಿ ನೆಲದ ಕಡೆಗೆ ತೂಗುತ್ತಾ ಹೋದದ್ದನ್ನು ಸರಸಮ್ಮ ಹೊಸಲಲ್ಲಿ ನಿಂತು ನೋಡಿದಳು.

ಒಳಗೆ ಬಂದು ಗೂಡಿನ ಕೆಳಗೆ ಹಿಟ್ಟು ಹರಡಿದಳು. ಕುಡಿಕೆ, ಡಬ್ಬಿ, ಚೊಂಬುಗಳ ಮುಂದೆ, ಅವನು ಕೂರುತ್ತಿದ್ದಷ್ಟು ಅಗಲಕ್ಕೆ, ಅಂಗೈಯಿಂದ ಸವರಿ ಮಟ್ಟ ಮಾಡಿದಳು. ಮೇಲೆ ದೊಡ್ಡ ಮಂಕರಿ ಬೋರಲು ಹಾಕಿದಳು. ದೀಪ ಹಚ್ಚಿಟ್ಟಳು. ಹೆಂಗಸರು ಒಬ್ಬೊಬ್ಬರಾಗಿ ನೀರು ಹಾಕಿಕೊಳ್ಳಲು ಹೋದರು. ಉಳಿದವಳು ಅಮೀರ್ ಬಿ ಒಬ್ಬಳೇ.

"ಗಾಳಿ ಬರ್ತಾ ಐತೆ, ಕಿಟಕಿ ಮುಚ್ಚಲಾ?" ಎಂದಳು ಅಮೀರ್ ಬಿ.

"ಎಲ್ಲಿ ಗಾಳಿ?"

ಅಮೀರ್ ಬಿ ದೀಪದ ಕಡೆ ಬೆರಳು ಮಾಡಿದಳು. ಕುಡಿ ನೆಟ್ಟಗಿರಲಿಲ್ಲ. ಮಣ್ಣಿನ ಕುಡಿಕೆಯ ಕಡೆಗೆ ವಾಲಿಕೊಂಡು, ಅಲುಗದೆ ಉರಿಯುತ್ತಿತ್ತು. ಕಿಟಕಿ ಬೆಳಿಗ್ಗೆಯಿಂದ ಮುಚ್ಚಿಯೇ ಇತ್ತು.

"ಯಾ ಅಲ್ಲಾ," ಎಂದಳು ಅವಳು, ತಗ್ಗಿದ ದನಿಯಲ್ಲಿ. ಆದರೂ ಎದ್ದು ಹೋಗಲಿಲ್ಲ. ಸರಸಮ್ಮನ ಹತ್ತಿರಕ್ಕೆ ಸರಿದು ಕೂತಳು.

*

ಮದುವೆಯಾಗಿ ಒಂದು ವರ್ಷಕ್ಕೆ ಓಬಳಮ್ಮ ಒಂದು ಟ್ರಂಕು ಹಿಡಿದು ಒಬ್ಬಳೇ ಬಂದಿದ್ದಳು. ಹೊಡೆದರು, ಬಡಿದರು ಎಂದು ಏನೂ ಹೇಳಲಿಲ್ಲ.

"ಅವರೆಲ್ಲ ತೆಲುಗು ಕಣವ್ವ. ಒಬ್ಬರಿಗೊಬ್ಬರು ಮಾತಾಡ್ಕೊಂಡು ನಗ್ತಾರೆ, ನಾನು ಗೋಡೆ ನೋಡ್ಕೊಂಡು ಕೂತಿರ್ತೀನಿ. ಸ್ವಲ್ಪ ದಿನ ಇಲ್ಲಿರ್ತೀನಿ."

ಅಂದು ಸಂಬಳದ ದಿನವೇ ಆಗಿತ್ತು. ಅವಳು ಹೋಗಿ ಚಾಪೆಯ ತುದಿಯಲ್ಲಿ ತನ್ನ ಜಾಗದಲ್ಲಿ ಕೂತಳು. ಕದಿರಯ್ಯ ಹಂಚಿದ. ಕೊನೆಗೆ ಅವನ ಕೈಯಲ್ಲಿ ಒಂದು ಕಾಸು ಉಳಿಯಿತು. ಅದನ್ನು ಹಿಡಿದುಕೊಂಡು ಕುಡಿಕೆಯ ಮೇಲೆ ಕೈ ತಂದ, ಡಬ್ಬಿಯ ಮೇಲೆ ತಂದ, ಚೊಂಬಿನ ಮೇಲೆ ತಂದ.

"ನಿಂದು ಯಾವುದಕ್ಕೆ ಹಾಕ್ಲಮ್ಮ?" ಎಂದು ಕೇಳಿದ. "ನಿನ್ನ ಮದುವೆ ಆದಾಗ ಮನೆ ಕುಡಿಕೆಯಿಂದ ನಿನ್ನ ಪಾಲು ತೆಗೆದು ನಾಳೆಗೆ ಸೇರಿಸ್ಬುಟ್ಟೆ. ಈಗ ಬಂದಿದ್ದೀಯ. ನೀನು ಮನೇನೋ, ಆಸೇನೋ, ನಾಳೇನೋ, ನಂಗೆ ತಿಳೀತಿಲ್ಲ."

ಅವನು ನಿಜವಾಗಿಯೂ ಕೇಳಿದ್ದ. ತಿಳಿಯದ್ದನ್ನು ಮಗಳನ್ನೇ ಕೇಳಿ ತಿಳಿಯೋಣ ಎಂದು ಕೇಳಿದ್ದ. ಒಲೆಯ ಮುಂದಿದ್ದ ಸರಸಮ್ಮನಿಗೆ ಅದು ಗೊತ್ತಾಯಿತು. ಎದುರಿಗೆ ಕೂತವಳಿಗೆ ಗೊತ್ತಾಗಲಿಲ್ಲ.

"ಯಾವುದಕ್ಕೂ ಬ್ಯಾಡ ಬುಡಪ್ಪ," ಎಂದು ಓಬಳಮ್ಮ ಎದ್ದಳು. ಊಟಕ್ಕೆ ಕೂತು, ಎಲ್ಲರ ಜೊತೆ ಮಾತಾಡಿದಳು. ಬೆಳಿಗ್ಗೆ ಟ್ರಂಕು ಹಿಡಿದು, ಹುಣಸೆಮರದ ಹತ್ತಿರ ಬಸ್ಸು ಹತ್ತಿದಳು. ಕದಿರಯ್ಯ ಆ ಹೊತ್ತಿಗೆ ರಸ್ತೆಯಲ್ಲಿ ಜಲ್ಲಿ ಹರಡುತ್ತಿದ್ದ. ಬಸ್ಸಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಾಗ ಕಿಟಕಿಯಲ್ಲಿ ಮಗಳನ್ನು ಕಂಡ. ಅವಳು ಮುಂದಕ್ಕೆ ನೋಡುತ್ತಿದ್ದಳು. ಧೂಳು ಅವನ ಮೇಲೆಯೂ ಜಲ್ಲಿಯ ಮೇಲೆಯೂ ಒಂದೇ ಸಮ ಕೂತಿತು.

ಅಂದಿನಿಂದ ಪ್ರತಿ ಸಂಬಳಕ್ಕೂ ಆ ಒಂದು ಕಾಸು ಉಳಿಯುತ್ತಲೇ ಬಂತು. ಅವನು ಅದನ್ನು ಮೂರರ ಮೇಲೂ ಆಡಿಸಿ, ಯಾವುದಕ್ಕೂ ಹಾಕದೆ, ಅಂಗಿಯ ಜೇಬಿಗೆ ಹಾಕಿಕೊಂಡು, ಮುಂದಿನ ಸಂಬಳದ ದಿನ ಅದನ್ನೇ ತೆಗೆದು ಮತ್ತೆ ಯೋಚನೆಗೆ ಕೂರುತ್ತಿದ್ದ. ಓಬಳಮ್ಮನಿಗೆ ಗಂಡು ಮಗುವಾಯಿತೆಂದು ಕಡಲೆಕಾಯಿ ವ್ಯಾಪಾರಿಯೊಬ್ಬ ಸುದ್ದಿ ತಂದ. ಆಗ ಸರಸಮ್ಮ ಕಾಗದ ಬರೆದು ಅವನಿಗೆ ಓದಿ ಹೇಳಿದಳು.

"ಚೆನ್ನಾಗೈತೆ. ಹಾಕು," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಸ್ಟಾಂಪಿಗೆ ಯಾವುದ್ರಾಗೆ ತೆಗೀಲಿ?" ಎಂದ.

"ಯಾವುದ್ರಾಗಾದ್ರೂ ತೆಗೀರಿ."

"ಹಂಗಾಗಲ್ಲ ಕಣೇ. ಆಸೇಲಿ ತೆಗೆದ್ರೆ, ಮಗಳು ನಮಗೆ ಬೆಂಡು ಬತ್ತಾಸಿನ ಸಮ ಅಂದಂಗಾಯ್ತು. ನಾಳೇಲಿ ತೆಗೆದ್ರೆ, ಮುಂದೆ ನೋಡ್ಕೊತಾಳೆ ಅಂತ ಕರೆದಂಗಾಯ್ತು. ಮನೇಲಿ ತೆಗೆಯೋಣ ಅಂದ್ರೆ, ಅವಳ ಪಾಲು ನಾನೇ ತೆಗೆದಿದ್ದೀನಿ. ಯಾವ ಮುಖ ಇಟ್ಕೊಂಡು ತೆಗೀಲಿ?"

ಅಮೀರ್ ಬಿ ತಾನೇ ಸ್ಟಾಂಪು ತಂದುಕೊಡುತ್ತೇನೆ ಎಂದಳು. ಅದಕ್ಕೂ ಒಪ್ಪಲಿಲ್ಲ. "ನಿನ್ನ ದುಡ್ಡಲ್ಲಿ ಕರೆದ್ರೆ ಅವಳು ನಿನ್ನ ಮನೆಗೆ ಬರ್ತಾಳೆ ಕಣವ್ವ." ಸ್ಟಾಂಪಿಲ್ಲದೆ ಹಾಕಿದರೆ ತಲುಪಿದ ಕಡೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾರಂತೆ ಎಂದು ಚಿಕ್ಕನರಸಯ್ಯ ಹೇಳಿದ. ಕದಿರಯ್ಯ ಅವನ ಜೊತೆ ಎರಡು ದಿನ ಮಾತು ಬಿಟ್ಟ.

ಸರಸಮ್ಮ ಆ ಪಾತ್ರೆಗಳಿಗೆ ಯಾವತ್ತೂ ಕೈ ಹಾಕಿದವಳಲ್ಲ. ಬೇಕಾದ್ದನ್ನು ಅವನು ತೆಗೆದುಕೊಡುತ್ತಿದ್ದ. ಅವನಿಗೆ ತಿಳಿಯಲಿ ಎಂದು ಕಾದಳು. ಮುಂದಿನ ಸಂಬಳಕ್ಕೆ ತಿಳಿಯುತ್ತದೆ, ಅದರ ಮುಂದಿನದಕ್ಕೆ ತಿಳಿಯುತ್ತದೆ ಎಂದು ಅವಳು ಕಾಯುತ್ತಿದ್ದಂತೆ, ಲಕೋಟೆ ಚೊಂಬಿನ ಹಿಂದೆಯೇ ಉಳಿಯಿತು.

*

ಬಿಸಿಲು ಇಳಿಯುವ ಹೊತ್ತಿಗೆ ಗಂಡಸರು ಕೆರೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಬಂದರು. ಚಿಕ್ಕನರಸಯ್ಯ ಜಗುಲಿ ಹತ್ತದೆ ಕೆಳಗೇ ನಿಂತ.

"ಹುಣಸೆಮರದ ಹತ್ರ ಚಟ್ಟ ಏಳ್ಲಿಲ್ಲ ಸರಸಕ್ಕ," ಎಂದ. "ದಿಕ್ಕು ತಿರುಗಿಸೋಕೆ ಅಂತ ಇಳಿಸಿದ್ದು. ನಾಲ್ಕು ಜನ ಎತ್ತೋಕೆ ಹೋದ್ರೆ ನೆಲಕ್ಕೆ ಕಚ್ಕೊಂಡಂಗೆ ಆಯ್ತು. ಬಸ್ಸು ಬಂತು. ಹೋಯ್ತು. ಬಸ್ಸು ಹೋದ್ಮೇಲೆ ಎದ್ದ."

"ಸುಮ್ನಿರ್ಲಾ," ಎಂದ ದೊಡ್ಡರಂಗಪ್ಪ. "ಉಪವಾಸ ಇದ್ದೋರು ಹೊತ್ರೆ ಹಿಂಗೇ."

"ಉಪವಾಸ ಯಾರಣ್ಣ ಇದ್ರು? ನೀನು ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದಿದ್ದೆ."

ಎಲ್ಲರೂ ಒಳಗೆ ಬಂದು ದೀಪ ನೋಡಿ ಕೈ ಮುಗಿದರು. ಕುಡಿ ಈಗ ನೆಟ್ಟಗೆ ಉರಿಯುತ್ತಿತ್ತು. ದೊಡ್ಡರಂಗಪ್ಪ ಮಂಡಿಯೂರಿ, ಮಂಕರಿಯನ್ನು ಎರಡೂ ಕೈಯಲ್ಲಿ ಹಿಡಿದು, ನೇರ ಮೇಲಕ್ಕೆ ಎತ್ತಿದ.

ಹಿಟ್ಟು ಹರಡಿದ ಹಾಗೇ ಮಟ್ಟಸವಾಗಿತ್ತು. ಒಂದು ಕಡೆ ಬಿಟ್ಟು. ಮಣ್ಣಿನ ಕುಡಿಕೆಯ ಮುಂದೆ, ಒಂದು ಗೇಣು ಈಚೆಗೆ, ನಾಲ್ಕು ಸಣ್ಣ ಗುಳಿಗಳು ಸಾಲಾಗಿ ಬಿದ್ದಿದ್ದವು.

"ಕರುವಿನ ಗೊರಸು," ಎಂದ ದೊಡ್ಡರಂಗಪ್ಪ. ಅವನ ದನಿ ಹಗುರವಾಯಿತು. "ಒಳ್ಳೇದೇ ಆಯ್ತು. ಸ್ವಾಮಿ ಪಾದ ಸೇರ್ಕೊಂಡ."

"ಗೊರಸು ಎರಡು ಸೀಳಲ್ವಾ ಅಣ್ಣ?" ಎಂದ ಚಿಕ್ಕನರಸಯ್ಯ.

"ಎಳೇ ಕರು ಕಣ್ಲಾ. ಎರಡು ಸಲ ಇಟ್ಟೈತೆ."

"ಗೋವಿಂದ" ಎಂದರು ಎಲ್ಲರೂ. ಹೇಳುವುದು ಹೇಳಿಯಾಯಿತು ಎಂಬ ಸಮಾಧಾನದಲ್ಲಿ ಜಗುಲಿಗೆ ಎದ್ದು ಹೋದರು.

ಸರಸಮ್ಮ ಎದ್ದಿರಲಿಲ್ಲ. ಅವಳು ಬಗ್ಗಿ, ತನ್ನ ಬಲಗೈಯನ್ನು ಮುಷ್ಟಿ ಮಾಡಿ, ಗುಳಿಗಳ ಮೇಲೆ ಮುಟ್ಟದಂತೆ ಹಿಡಿದು ನೋಡಿದಳು. ಬೆರಳ ಗೆಣ್ಣುಗಳು ನಾಲ್ಕೂ ಅವುಗಳ ಮೇಲೆ ಕೂತವು. ಗುಳಿಗಳು ಅವಳ ಗೆಣ್ಣುಗಳಿಗಿಂತ ದೊಡ್ಡವಾಗಿದ್ದವು, ಅಷ್ಟೇ. ಜಲ್ಲಿ ಹರಡಿ ಹರಡಿ ದಪ್ಪಗಾದ ಕೈ. ಕೂತವನು ಮುಂದಕ್ಕೆ ಬಾಗಿ, ಮುಷ್ಟಿಯನ್ನು ನೆಲಕ್ಕೆ ಊರಿ, ಅಲ್ಲಿಗೇ ನಿಲ್ಲಿಸಿದ್ದ. ಡಬ್ಬಿಯ ಮುಂದೆ ಏನೂ ಇರಲಿಲ್ಲ. ಚೊಂಬಿನ ಮುಂದೆಯೂ ಇರಲಿಲ್ಲ.

ಅಮೀರ್ ಬಿ ಪಕ್ಕಕ್ಕೆ ಬಂದು ನೋಡಿದಳು. ಅವಳು ಜನ್ಮವಿಡೀ ಬೇರೆಯವರ ಮುಷ್ಟಿಗಳನ್ನು ಒತ್ತಿ ಬಳೆ ತೊಡಿಸಿದವಳು. ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಸರಸಮ್ಮ ಗುರುತು ಕೆಡದಂತೆ ಪಕ್ಕದಿಂದ ಕೈ ಚಾಚಿ, ಮಣ್ಣಿನ ಕುಡಿಕೆಯೊಳಗೆ ಕೈ ಹಾಕಿದಳು. ಮೊದಲ ಸಲ. ಒಳಗೆ ತಣ್ಣಗಿತ್ತು. ಬೆರಳಿಗೆ ಒಂದು ಹತ್ತು ಪೈಸೆ ಸಿಕ್ಕಿತು, ಒಂದು ಐದು ಪೈಸೆ ಸಿಕ್ಕಿತು. ಎರಡನ್ನೂ ತೆಗೆದು, ಸೊಂಟದ ಲಕೋಟೆಯ ಜೊತೆ ಅಮೀರ್ ಬಿಯ ಮುಂದೆ ಹಿಡಿದಳು.

"ನಾನು ಹೊಸಲು ದಾಟಂಗಿಲ್ಲ. ನಂದೀಶ್ವರಯ್ಯನೋರ ಹತ್ರ ಸ್ಟಾಂಪು ತಗಂಡು ಹಾಕ್ತೀಯಾ?"

"ಕೊಡು. ನಮಗೆಲ್ಲಿ ನಿಮ್ಮ ಸೂತಕ."

ಅವಳು ಜಗುಲಿ ಇಳಿಯುವಾಗ ದೊಡ್ಡರಂಗಪ್ಪ ಲಕೋಟೆ ಕಂಡ.

"ಅಯ್ಯೋ, ಅದನ್ಯಾಕೆ ಈಗ? ನಾಳೆ ನಾನು ಕಾರ್ಡು ಹಾಕ್ತೀನಿ ಅಂದ್ನಲ್ಲಮ್ಮ."

"ನಿಮ್ಮದು ನಾಳೆ ಹೋಗ್ಲಿ ಭಾವ. ಇವತ್ತು ಇದು ಹೋಗ್ಲಿ."

"ಅಪ್ಪ ಕಾಯ್ತಾವ್ನೆ ಅಂತ ಬರೆದಿದ್ದೀಯಲ್ಲಾ. ಅದೊಂದು ಸಾಲಾದ್ರೂ ಹೊಡೆದಾಕು. ಓದಿದೋರು ಏನಂದ್ಕೊತಾರೆ?"

ಸರಸಮ್ಮ ತಿರುಗಿ ನಡುಮನೆಯ ಕಡೆ ಒಂದು ಸಲ ನೋಡಿದಳು.

"ಇರ್ಲಿ ಭಾವ," ಎಂದಳು. "ಸುಳ್ಳೇನಲ್ಲ."

ಅಂಚೆ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ನಂದೀಶ್ವರಯ್ಯನ ಮನೆ ಬೀದಿಯ ಎದುರಿಗೇ ಇತ್ತು. ಜಗುಲಿಯ ಕಂಬಕ್ಕೆ ಕೆಂಪು ಡಬ್ಬ ತೂಗುಹಾಕಿತ್ತು. ಅವರು ಆಗ ತಾನೇ ಮಿಂದು ಬಂದು, ಸಂಜೆ ಬಸ್ಸಿಗೆ ಕಳಿಸುವ ಚೀಲವನ್ನು ಹೊರಗೆ ತಂದಿದ್ದರು. ಹೊಸಲಲ್ಲಿ ನಿಂತ ಸರಸಮ್ಮನಿಗೆ ಎಲ್ಲವೂ ಕಾಣುತ್ತಿತ್ತು. ಅಮೀರ್ ಬಿ ಕಾಸು ಕೊಟ್ಟಳು. ಮೇಷ್ಟ್ರು ಅದನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಈ ಮನೆಯ ಕಡೆ ನೋಡಿದರು. ಸ್ಟಾಂಪು ಹರಿದುಕೊಟ್ಟರು. ಅಮೀರ್ ಬಿ ಲಕೋಟೆಯ ಬಾಯಿ ಅಂಟಿಸಿ, ಸ್ಟಾಂಪನ್ನು ನಾಲಗೆಗೆ ಮುಟ್ಟಿಸಿ, ಅದರ ಮೂಲೆಗೆ ಹೆಬ್ಬೆರಳಿನಿಂದ ಒತ್ತಿ, ಒಣಗಲೆಂದು ಊದಿದಳು. ಆಮೇಲೆ ಕಂಬದ ಹತ್ತಿರ ಹೋಗಿ ಡಬ್ಬದ ಬಾಯಿಗೆ ಲಕೋಟೆ ಇಟ್ಟು, ಸರಸಮ್ಮನ ಕಡೆ ನೋಡಿದಳು.

ಸರಸಮ್ಮ ತಲೆಯಾಡಿಸಿದಳು. ಲಕೋಟೆ ಒಳಕ್ಕೆ ಜಾರಿತು.

ಅದೇ ಹೊತ್ತಿಗೆ ಅವಳ ಬೆನ್ನ ಹಿಂದೆ, ಯಾರೂ ಇಲ್ಲದ ನಡುಮನೆಯಲ್ಲಿ, ಒಂದು ಕಾಸು ಬಿದ್ದಿತು. ಜಗುಲಿಯ ಮೇಲೆ ಕೂತಿದ್ದ ದೊಡ್ಡರಂಗಪ್ಪ ಬೆಚ್ಚಿ ತಲೆ ಎತ್ತಿದ. ಚಿಕ್ಕನರಸಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದ.

ಸರಸಮ್ಮ ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡಳು.

"ಮನೆ," ಎಂದಳು.